ಅರಿವು, ಎಚ್ಚರ, ಖಬರ: ಇಂಗ್ಲಿಷಿನ ಪ್ರಜ್ಞಾವಾಚಕ ಪದಗಳು ಮತ್ತು ಔರಾದ ಸೀಮೆಯ ಕನ್ನಡ

ಔರಾದ ಕರ್ನಾಟಕದ ಉತ್ತರ ತುದಿಯ ತಾಲೂಕು. ಒಂದು ಬದಿಗೆ ಮಹಾರಾಷ್ಟ್ರದ ಉದಗೀರ ಮತ್ತು ದೇಗಲೂರು, ಇನ್ನೊಂದು ಬದಿಗೆ ತೆಲಂಗಾಣದ ನಾರಾಯಣಖೇಡ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಭಾಷೆಗಳು ಒಂದೇ ಸಂತೆಯಲ್ಲಿ ಕೂಡುವ ನೆಲವಿದು. ಇಲ್ಲಿನ ಶಾಲೆಯ ಗೋಡೆಗಳ ಮೇಲೆ, ಪಂಚಾಯಿತಿಯ ಫಲಕಗಳ ಮೇಲೆ, ಜಾಥಾದ ಬ್ಯಾನರುಗಳ ಮೇಲೆ ಮೂರು ಪದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ: ಅರಿವು, ಜಾಗೃತಿ, ಪ್ರಜ್ಞೆ. ಕಾನೂನು ಅರಿವು, ಮತದಾರರ ಜಾಗೃತಿ, ಪರಿಸರ ಪ್ರಜ್ಞೆ ಎಂಬ ಜೋಡಿಪದಗಳಲ್ಲಿ ಅವು ಎಷ್ಟು ಸಹಜವಾಗಿ ಕೂಡಿಕೊಂಡಿವೆಯೆಂದರೆ, ಅವುಗಳ ಹಿಂದೆ ಇಂಗ್ಲಿಷಿನ ಅವೇರ್‌ನೆಸ್ ಮತ್ತು ಕಾನ್ಷಿಯಸ್‌ನೆಸ್ ಎಂಬ ಎರಡು ಪದಗಳು ನಿಂತಿವೆಯೆಂಬುದು ತಟ್ಟನೆ ಹೊಳೆಯುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜನರಲ್ಲಿ ಕಾನೂನು ಸಾಕ್ಷರತೆಯನ್ನೂ ಕಾನೂನಿನ ಅವೇರ್‌ನೆಸ್ಸನ್ನೂ ಹರಡುವ ಹೊಣೆಯನ್ನು ಪ್ರಾಧಿಕಾರಕ್ಕೆ ವಹಿಸಿತು. ಕನ್ನಡದಲ್ಲಿ ಅದು 'ಕಾನೂನು ಅರಿವು' ಆಯಿತು. 1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು 'ಜಾಗೃತಿ'ಯನ್ನು ಊರೂರಿಗೆ ಒಯ್ದವು. ವಿಶ್ವವಿದ್ಯಾಲಯಗಳ ಪ್ರಬಂಧಗಳು 'ಪ್ರಜ್ಞೆ'ಯನ್ನು ತಮ್ಮದಾಗಿಸಿಕೊಂಡವು.

ಈ ಅನುವಾದಗಳು ಎಷ್ಟು ಸರಿ ಎಂಬ ಪ್ರಶ್ನೆ ಬರಿಯ ನಿಘಂಟಿನ ಪ್ರಶ್ನೆಯಾಗಿದ್ದರೆ ಅದನ್ನು ಭಾಷಾತಜ್ಞರಿಗೆ ಬಿಟ್ಟು ಸುಮ್ಮನಾಗಬಹುದಿತ್ತು. ಆದರೆ ಇದೇ ಪದಗಳ ಆಧಾರದ ಮೇಲೆ ಹಳ್ಳಿಗರನ್ನು 'ಅರಿವುಳ್ಳವರು', 'ಅರಿವಿಲ್ಲದವರು' ಎಂದು ವಿಂಗಡಿಸುವ ಕೆಲಸ ಸಮೀಕ್ಷೆಗಳಲ್ಲಿಯೂ ಜಾನಪದ ಸಂಶೋಧನೆಯಲ್ಲಿಯೂ ನಡೆದುಬಂದಿದೆ. ಔರಾದ, ಭಾಲ್ಕಿ, ಬೀದರ ಭಾಗದ ಆಡುಗನ್ನಡದಲ್ಲಿ ಈ ಕ್ಷೇತ್ರಕ್ಕೆ ತನ್ನದೇ ಆದ ಸೂಕ್ಷ್ಮವಾದ ಪದಸಂಪತ್ತು ಇದೆ. ಇಂಗ್ಲಿಷಿನ ಒಂದು ಪದವನ್ನು ಕನ್ನಡದ ಒಂದು ಪದಕ್ಕೆ ಸರಿಗಟ್ಟಿದಾಗ ಆ ಸಂಪತ್ತು ಮರೆಯಾಗುತ್ತದೆ, ಅದರೊಡನೆ ಜನರು ತಮ್ಮ ತಿಳಿವಿನ ಬಗ್ಗೆ ಹೇಳುತ್ತಿರುವ ಮಾತೂ ತಪ್ಪಾಗಿ ದಾಖಲಾಗುತ್ತದೆ.

ಮೊದಲು ಇಂಗ್ಲಿಷ್ ಪದಗಳ ಹುಟ್ಟನ್ನು ನೋಡಬೇಕು. ಅವೇರ್ ಎಂಬುದು ಹಳೆಯ ಇಂಗ್ಲಿಷಿನ ಜರ್ಮಾನಿಕ್ ಮೂಲದ ಪದ. ಕಾಯುವುದು, ಕಣ್ಣಿಟ್ಟಿರುವುದು ಅದರ ಧಾತ್ವರ್ಥ. ಎಚ್ಚರದಿಂದಿರು ಎಂಬ ಅರ್ಥದ ಬಿವೇರ್, ಎಚ್ಚರಿಕೆಯ ಸ್ವಭಾವವನ್ನು ಹೇಳುವ ವೇರಿ, ಮುನ್ಸೂಚನೆ ಕೊಡುವ ವಾರ್ನ್, ಕಾವಲನ್ನು ಹೇಳುವ ವಾರ್ಡ್ ಮತ್ತು ಗಾರ್ಡ್ ಇವೆಲ್ಲ ಒಂದೇ ಬಳಗದವು. ಔರಾದದ ಸಾಮಾನ್ಯ ಜನರು ಪಟ್ಟಣ ಪಂಚಾಯಿತಿಯ ವಾರ್ಡು, ಆಸ್ಪತ್ರೆಯ ವಾರ್ಡು, ಬ್ಯಾಂಕಿನ ಗಾರ್ಡು, ಪೊಲೀಸರ ವಾರ್ನಿಂಗು ಎಂದು ಈ ಬಳಗದ ಪದಗಳನ್ನು ದಿನವೂ ಬಳಸುತ್ತಾರೆ. ಕಾವಲಿನ ಮೂಲಾರ್ಥ ಆ ಪದಗಳಲ್ಲಿ ಇಂದಿಗೂ ಹಸಿಯಾಗಿದೆ. ಕಾನ್ಷಿಯಸ್ ಎಂಬುದು ಬೇರೆ ಮನೆತನದ ಪದ. ಲ್ಯಾಟಿನ್ನಿನ 'ತಿಳಿ' ಎಂಬರ್ಥದ ಧಾತುವಿಗೆ 'ಕೂಡ, ಜೊತೆ' ಎಂಬರ್ಥದ ಪೂರ್ವಪದ ಸೇರಿ ಅದು ಆಗಿದೆ: ಇನ್ನೊಬ್ಬನ ಜೊತೆಗೂಡಿ ತಿಳಿದವನು, ಗುಟ್ಟಿನಲ್ಲಿ ಪಾಲುಗಾರ, ಸಾಕ್ಷಿ. ಸೈನ್ಸ್ ಎಂಬ ಪದವೂ ಇದೇ ಧಾತುವಿನದು.

ಹೀಗಿರುವಾಗ ಅವೇರ್‌ನೆಸ್ ಎಂಬುದಕ್ಕೆ ಮೂಲದಲ್ಲಿ ಹತ್ತಿರವಾದ ಕನ್ನಡ ಪದ 'ಎಚ್ಚರ'. ಕಾನ್ಷಿಯಸ್‌ನೆಸ್ ಎಂಬುದಕ್ಕೆ ಹತ್ತಿರವಾದದ್ದು 'ಅರಿವು'. ಕನ್ನಡದ ಆಡಳಿತ ಮತ್ತು ವಿದ್ವತ್ ಗದ್ಯ ಮಾಡಿಕೊಂಡ ಹೊಂದಾಣಿಕೆ ಇದಕ್ಕೆ ಅಡ್ಡವಾಗಿದೆ. ಎಚ್ಚರದ ಪದಕ್ಕೆ ಅರಿವು ಬಂತು, ಅರಿವಿನ ಪದಕ್ಕೆ ಪ್ರಜ್ಞೆ ಬಂತು, ಎಚ್ಚರ ಎಂಬುದು 'ಎಚ್ಚರಿಕೆ: ರಸ್ತೆ ಕಾಮಗಾರಿ' ಎಂಬ ಫಲಕಕ್ಕೆ ಇಳಿಯಿತು. ಪದಗಳ ಹುಟ್ಟೇ ಅವುಗಳ ಇಂದಿನ ಅರ್ಥವನ್ನು ನಿರ್ಣಯಿಸುವುದಿಲ್ಲವೆಂಬುದು ನಿಜ. ಇಂಗ್ಲಿಷಿನಲ್ಲೂ ಅವೇರ್ ಈಗ ಕಾವಲನ್ನು ಹೇಳುವುದಿಲ್ಲ. 'ಏನೂ ತಿಳಿಯದವನು' ಎಂಬ ಲ್ಯಾಟಿನ್ ಪದದಿಂದ ಬಂದ ನೈಸ್ ಎಂಬುದು ಇಂದು ಮೆಚ್ಚುಗೆಯ ಮಾತಾಗಿ, ಮಕ್ಕಳ ನೋಟುಬುಕ್ಕಿನ ಅಂಚಿನಲ್ಲಿ ಶಿಕ್ಷಕರ ಸಹಿಯೊಡನೆ ಕಾಣಿಸುತ್ತದೆ. ಆದರೂ ಎಚ್ಚರ ಮತ್ತು ಅರಿವು ಎಂಬ ಭೇದ ಕನ್ನಡದಲ್ಲಿ ಇನ್ನೂ ಜೀವಂತವಾಗಿರುವಾಗ ಅದನ್ನು ಅನುವಾದದ ಅನುಕೂಲಕ್ಕಾಗಿ ಅಳಿಸಬೇಕಾದ ಕಾರಣವಿರಲಿಲ್ಲ.

ಕಾನ್ಷಿಯೆನ್ಸ್ ಎಂಬ ಪದದ ವಿಷಯದಲ್ಲಿ ಮಾತ್ರ ಕನ್ನಡ ಚೆನ್ನಾಗಿ ಗೆದ್ದಿದೆಯೆನ್ನಬೇಕು. ಮನಸ್ಸಾಕ್ಷಿ, ಅಂತಃಸಾಕ್ಷಿ, ಆತ್ಮಸಾಕ್ಷಿ ಎಂಬ ಪದಗಳು ಲ್ಯಾಟಿನ್ನಿನ 'ಜೊತೆಗೂಡಿ ತಿಳಿದವನು' ಎಂಬ ಮೂಲಭಾವವನ್ನೇ ಹಿಡಿದಿವೆ. ಸಾಕ್ಷಿ ಎಂದರೆ ಕಣ್ಣಿನೊಡನೆ ಇದ್ದವನು. ಮಾಡಿದವನ ಒಳಗೇ ಕುಳಿತು ನೋಡುವ ಇನ್ನೊಬ್ಬನನ್ನು ಎರಡೂ ಭಾಷೆಗಳು ಕಲ್ಪಿಸಿಕೊಂಡಿವೆ. ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳು ಕಾನ್ಷಿಯಸ್ ಮತ್ತು ಕಾನ್ಷಿಯೆನ್ಸ್‌ಗಳ ಅಕ್ಷರಗಳನ್ನು ಒಂದರೊಡನೊಂದು ಬೆರೆಸಿಬಿಡುವುದು ಎಲ್ಲೆಡೆ ಕಾಣುವ ತಪ್ಪು. ಎಸ್, ಸಿ, ಐ ಎಂಬ ಮೂರು ಅಕ್ಷರ ಕೂಡಿ 'ಷ' ಎಂಬ ಧ್ವನಿ ಹುಟ್ಟುವುದು ಉಚ್ಚರಿಸಿದಂತೆ ಬರೆಯುವ ಕನ್ನಡದ ಮಗುವಿಗೆ ಒಗಟಾಗುತ್ತದೆ. ಎರಡರ ಒಡಲಲ್ಲೂ ಸೈನ್ಸ್ ಎಂಬ ಪದದ ಮೊದಲ ಮೂರು ಅಕ್ಷರಗಳೇ ಇವೆಯೆಂದು ತೋರಿಸಿಕೊಟ್ಟರೆ ಕಾಗುಣಿತವೂ ಅರ್ಥವೂ ಒಟ್ಟಿಗೆ ನೆನಪಿನಲ್ಲಿ ನಿಲ್ಲುತ್ತವೆ. ಡಿ. ಎನ್. ಶಂಕರ ಭಟ್ಟರು ಮತ್ತು ಅವರ ಹಾದಿ ಹಿಡಿದವರು ಸೈನ್ಸ್ ಎಂಬುದಕ್ಕೆ 'ಅರಿಮೆ' ಎಂಬ ಪದವನ್ನೂ, ಭಾಷಾವಿಜ್ಞಾನಕ್ಕೆ 'ನುಡಿಯರಿಮೆ' ಎಂಬುದನ್ನೂ ಬಳಸಿದಾಗ ಈ ಧಾತುಸಂಬಂಧ ಕನ್ನಡದಲ್ಲಿಯೂ ಮರಳಿ ಬೆಳಕಿಗೆ ಬಂದಿತು. ಸಂಸ್ಕೃತದ ದಾರಿಯಲ್ಲಿಯೂ ಇದೇ ಕಥೆ ಇದೆ: ಬೌದ್ಧರ ಪಂಚಸ್ಕಂಧಗಳಲ್ಲಿ 'ವಿಜ್ಞಾನ' ಎಂದರೆ ಕಾನ್ಷಿಯಸ್‌ನೆಸ್, ಇಂದಿನ ಕನ್ನಡದಲ್ಲಿ ಅದೇ ಪದಕ್ಕೆ ಸೈನ್ಸ್ ಎಂಬ ಅರ್ಥ.

ವ್ಯಾಕರಣದ ಕಡೆಗೆ ಬಂದರೆ ಸಮಸ್ಯೆಯ ತಿರುಳು ಸಿಗುತ್ತದೆ. ಅವೇರ್ ಎಂಬುದು ಗುಣವಾಚಕವಾದರೂ ನಾಮಪದದ ಮುಂದೆ ನಿಲ್ಲಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದು ವಾಕ್ಯದ ವಿಧೇಯದಲ್ಲಿ ಕುಳಿತು, 'ಆಫ್' ಎಂಬ ಸಂಬಂಧಸೂಚಕದ ಮೂಲಕವೋ 'ದ್ಯಾಟ್' ಎಂಬ ಉಪವಾಕ್ಯದ ಮೂಲಕವೋ ತನ್ನ ವಿಷಯವನ್ನು ಕೇಳುತ್ತದೆ: ಯಾವುದರ ಎಚ್ಚರ? ನೆಸ್ ಎಂಬ ಪ್ರತ್ಯಯ ಹತ್ತಿ ಭಾವನಾಮವಾದ ಕೂಡಲೇ ಈ ನಿರ್ಬಂಧ ಸಡಿಲವಾಗುತ್ತದೆ. 'ಅವೇರ್‌ನೆಸ್ ಪ್ರೋಗ್ರಾಂ' ಎಂಬ ಜೋಡಿಯಲ್ಲಿ ಯಾವುದರ ಎಂಬ ಪ್ರಶ್ನೆಯೂ ಯಾರ ಎಂಬ ಪ್ರಶ್ನೆಯೂ ಬಿದ್ದುಹೋಗುತ್ತವೆ. ಅದು ಚೀಲದಲ್ಲಿ ತುಂಬಿ ಒಯ್ಯಬಹುದಾದ ವಸ್ತುವಿನಂತೆ ತೋರತೊಡಗುತ್ತದೆ.

ಕನ್ನಡದ ತಿಳಿವಿನ ವಾಕ್ಯಗಳು ಬೇರೆ ರೀತಿಯವು. 'ನನಗೆ ಗೊತ್ತು', 'ಅವಳಿಗೆ ತಿಳಿಯಿತು', 'ಮಗುವಿಗೆ ಎಚ್ಚರವಾಯಿತು' ಎಂಬಲ್ಲಿ ತಿಳಿದವರು ಚತುರ್ಥಿ ವಿಭಕ್ತಿಯಲ್ಲಿ ಇರುತ್ತಾರೆ. ತಿಳಿವು ಅವರ ಬಳಿಗೆ ಬರುತ್ತದೆ. ನೀರು ತಿಳಿಯಾಗುವುದನ್ನೂ ವಿಷಯ ತಿಳಿಯುವುದನ್ನೂ ಕನ್ನಡ ಒಂದೇ ಧಾತುವಿನಿಂದ ಹೇಳುತ್ತದೆ. ಕದಡಿದ್ದು ಕೆಳಗಿಳಿದ ಮೇಲೆ ತಾನಾಗಿಯೇ ಕಾಣುವುದೇ ತಿಳಿವು. ಇಂಗ್ಲಿಷಿನಲ್ಲಿಯೂ 'ನನಗೆ ತೋರುತ್ತದೆ' ಎಂಬರ್ಥದ ಮಿಥಿಂಕ್ಸ್ ಎಂಬ ಚತುರ್ಥಿಯ ರೂಪವಿತ್ತು, ಅದು ಹಳೆಯ ಕಾವ್ಯ ನಾಟಕಗಳಲ್ಲಿ ಉಳಿದುಕೊಂಡಿದೆ. ಕನ್ನಡದಲ್ಲಿ ಕರ್ತೃವನ್ನು ಪ್ರಥಮೆಯಲ್ಲಿ ನಿಲ್ಲಿಸುವ 'ಬಲ್ಲೆ', 'ಅರಿತೆ' ಎಂಬ ರೂಪಗಳೂ ಇವೆ. ಅವಕ್ಕೆ ಭಾರ ಹೆಚ್ಚು. ಬಲ್ಲೆನು, ಬಲ್ಲನು, ಬಲ್ಲರು ಎಂಬ ರೂಪಗಳಿಗೆ ಕಾಲಭೇದವಿಲ್ಲ. ಸಾಮರ್ಥ್ಯ ಮತ್ತು ತಿಳಿವು ಎರಡೂ ಒಂದೇ ಪದದಲ್ಲಿ ಸೇರಿರುವ ಈ ಕ್ರಿಯಾಪದ, ಆಜ್ಞೆಗೂ ಸಹಾಯಕ ಕ್ರಿಯಾಪದದ ನೆರೆಗೂ ಹೆಚ್ಚುಕಡಿಮೆ ಸೀಮಿತವಾಗಿರುವ ಇಂಗ್ಲಿಷಿನ ಬಿವೇರ್‌ನಂತೆಯೇ ಅಪೂರ್ಣ ಕ್ರಿಯಾಪದ. ಅರಿಯೆ, ಅರಿಯನು, ಅರಿಯದು ಎಂಬ ನಿಷೇಧರೂಪಗಳಲ್ಲಿಯೂ ಕಾಲಸೂಚಕವಿಲ್ಲ. ಧಾತುವಿಗೆ ನೇರವಾಗಿ ಆಖ್ಯಾತಪ್ರತ್ಯಯ ಹತ್ತಿದರೆ ಸಾಕು, ನಿಷೇಧ ಸಿದ್ಧ. ಬೀದರ ಸೀಮೆಯ ದಿನದ ಮಾತಿನಲ್ಲಿ ಇದರ ಜಾಗವನ್ನು 'ಗೊತ್ತಿಲ್ಲ' ಆಕ್ರಮಿಸಿದ್ದರೂ ತತ್ವಪದದ ಭಾಷೆಯಲ್ಲಿ ಇದು ಉಳಿದಿದೆ.

ಈ ವ್ಯಾಕರಣದ ಬೆಳಕಿನಲ್ಲಿ 'ಜನರಲ್ಲಿ ಅರಿವು ಮೂಡಿಸುವುದು' ಎಂಬ ಇಂದಿನ ಜನಪ್ರಿಯ ಪ್ರಯೋಗವನ್ನು ಪರಿಶೀಲಿಸಬೇಕು. ಮೂಡು ಎಂಬುದು ಸೂರ್ಯ ಮೂಡುವ, ಮೊಳಕೆ ಮೂಡುವ ಅಕರ್ಮಕ ಕ್ರಿಯೆ. ಮೂಡಿಸು ಎಂದಾಗ ಮೂಡಿಸುವವನೊಬ್ಬ ಪ್ರಥಮಾ ವಿಭಕ್ತಿಯಲ್ಲಿ ಬಂದು ಕೂಡುತ್ತಾನೆ: ಇಲಾಖೆ, ಅಧಿಕಾರಿ, ಸಂಸ್ಥೆ. 'ಜನರಿಗೆ ಗೊತ್ತು' ಎಂಬಲ್ಲಿ ಚತುರ್ಥಿಯಲ್ಲಿದ್ದ ಜನರು ಈಗ ಸಪ್ತಮಿಗೆ ಸರಿಯುತ್ತಾರೆ. ಅವರು ತಿಳಿಯುವವರಾಗಿ ಉಳಿಯದೆ ಅರಿವು ಮೂಡಬೇಕಾದ ಸ್ಥಳವಾಗುತ್ತಾರೆ. ಕನ್ನಡದಲ್ಲಿ ಮೊದಲೇ ಇದ್ದ ಪ್ರೇರಣಾರ್ಥಕಗಳು ಹೀಗೆ ಮಾಡುತ್ತಿರಲಿಲ್ಲ. 'ಜನರಿಗೆ ತಿಳಿಸು', 'ಅವರಿಗೆ ಅರುಹು' ಎಂದಾಗ ಹೇಳುವವನು ಬಂದರೂ ಕೇಳುವವರು ಚತುರ್ಥಿಯಲ್ಲಿಯೇ ಇರುತ್ತಾರೆ. ತಿಳಿಯುವ ಕೆಲಸ ಅವರದೇ ಆಗಿರುತ್ತದೆ. ಒಂದು ವಿಭಕ್ತಿಪ್ರತ್ಯಯದ ಬದಲಾವಣೆಯಲ್ಲಿ ಸಂಬಂಧವೊಂದು ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಾರ್ಯಕ್ರಮ ನಡೆಸುವವರ ಸದುದ್ದೇಶವನ್ನು ಅಲ್ಲಗಳೆಯಬೇಕಾಗಿಲ್ಲ, ಕಾನೂನು ನೆರವು ಬಡವರಿಗೆ ದೊರೆತಿರುವುದೂ ಹೌದು. ಮಾತಿನ ಕಟ್ಟು ಮಾತ್ರ ಆ ಉದ್ದೇಶಕ್ಕೆ ವಿರುದ್ಧವಾಗಿ ದುಡಿಯುತ್ತಿದೆ.

ಅರಿವು ಎಂಬ ಪದವನ್ನು ಇಷ್ಟು ಅಗ್ಗವಾಗಿ ಬಳಸುವುದಕ್ಕೆ ಇನ್ನೊಂದು ಆಕ್ಷೇಪವೂ ಇದೆ. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳ 'ಅಱಿ' ಧಾತುವಿನದು. ಕತ್ತರಿಸು ಎಂಬರ್ಥದ 'ಅರಿ' ಸಾಮಾನ್ಯ ರೇಫದ್ದು. ಱಕಾರ ಬಳಕೆ ತಪ್ಪಿದ ಮೇಲೆ ಎರಡೂ ಬರಹದಲ್ಲಿ ಒಂದಾದವು, ಅವುಗಳ ನಡುವೆ ಸಂಸ್ಕೃತದ ಶತ್ರುವಾಚಕ 'ಅರಿ'ಯೂ ಬಂದು ಕುಳಿತಿತು. ಆದರೂ ಅರ್ಥದಲ್ಲಿ ಗೊಂದಲವಾಗದಿರುವುದಕ್ಕೆ ವಚನಕಾರರು ಈ ಪದಕ್ಕೆ ಕೊಟ್ಟ ತೂಕವೂ ಒಂದು ಕಾರಣ. ಕಲ್ಯಾಣವನ್ನು ಒಡಲಲ್ಲಿಟ್ಟುಕೊಂಡಿರುವ ಬೀದರ ಜಿಲ್ಲೆಯಲ್ಲಿ ಅರಿವು ಎಂದರೆ ಆಚಾರದೊಡನೆ, ಅನುಭಾವದೊಡನೆ ಜೋಡಿಯಾಗಿ ಬರುವ ಪದ. ಅದರ ಎದುರುಪದಗಳು ಮರೆವು ಮತ್ತು ಕುರುಹು. ಹೊರಗಿನಿಂದ ಒಬ್ಬರು ತಂದು ಇನ್ನೊಬ್ಬರಲ್ಲಿ ಇಡುವ ಮಾಹಿತಿಗೆ ಈ ಪದ ಸಲ್ಲುತ್ತಿರಲಿಲ್ಲ. ಈಗ ಅದರ ವ್ಯಾಪ್ತಿ ವಿಚಿತ್ರವಾಗಿ ಹಬ್ಬಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದ್ಯಾರ್ಥಿಗಳಿಗೆ ಕೊಡುವ ಶೈಕ್ಷಣಿಕ ಸಾಲದ ಹೆಸರು 'ಅರಿವು'. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂದಿದೆ. ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಮುನ್ನ ನೋವು ತಿಳಿಯದಂತೆ ಮಾಡುವ ವಿದ್ಯೆಗೆ 'ಅರಿವಳಿಕೆ' ಎಂದು ಹೆಸರು. ಕೊನೆಯದು ಈ ಬಗೆಯ ಪದಸೃಷ್ಟಿಯಲ್ಲಿ ಅತ್ಯಂತ ಯಶಸ್ವಿಯಾದದ್ದು. ಅರಿವು ಅಳಿಯುವುದು ಎಂಬ ಎರಡು ಅಚ್ಚಗನ್ನಡ ಮಾತುಗಳಿಂದ ಆದ ಅದು ಕೇಳಿದೊಡನೆ ಅರ್ಥವಾಗುತ್ತದೆ. ಒಂದೇ ಪದ ಸಾಲವಾಗಿ, ಗ್ರಂಥಾಲಯವಾಗಿ, ಶರೀರದ ಸಂವೇದನೆಯಾಗಿ, ಶರಣರ ನಿಲುವಾಗಿ ನಡೆದಾಡುತ್ತಿರುವಾಗ ಕಾನೂನಿನ ಕಲಮುಗಳ ತಿಳಿವಳಿಕೆಯನ್ನೂ ಅದರ ಹೆಗಲಿಗೇರಿಸುವುದು ಎಷ್ಟು ಉಚಿತ?

ಔರಾದದ ಹಳ್ಳಿಗರು ಇಂಥ ಕಡೆ ಬಳಸುವ ಪದ 'ಖಬರ'. ಅರಬ್ಬಿಯಲ್ಲಿ ಇದಕ್ಕೆ ಸುದ್ದಿ ಎಂದರ್ಥ. ಫಾರಸಿ ಇದಕ್ಕೆ 'ದಾರ್' ಸೇರಿಸಿ ಖಬರ್ದಾರ್ ಎಂದು ಎಚ್ಚರಿಕೆಯ ಕೂಗನ್ನೂ, 'ಬೇ' ಸೇರಿಸಿ ಬೇಖಬರ್ ಎಂದು ಅರಿವಿಲ್ಲದವನ ವಿಶೇಷಣವನ್ನೂ ಮಾಡಿಕೊಂಡಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರಿನಲ್ಲಿ ಆಡಳಿತದ ಭಾಷೆಯಾಗಿ ಉರ್ದು ಬಹುಕಾಲ ನಿಂತಿತ್ತು. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ಸ್ಥಾಪನೆಯಾದ ಅನುವಾದ ಸಂಸ್ಥೆ ಪಾಶ್ಚಾತ್ಯ ಶಾಸ್ತ್ರಗಳನ್ನು ಉರ್ದುವಿಗೆ ತಂದಿತು. ಉರ್ದುವಿನ ಶಾಸ್ತ್ರಗದ್ಯದಲ್ಲಿ ಕಾನ್ಷಿಯಸ್‌ನೆಸ್ ಎಂಬುದು 'ಶುಊರ್', ಅನ್‌ಕಾನ್ಷಿಯಸ್ ಎಂಬುದು 'ಲಾಶುಊರ್', ಕಾನ್ಷಿಯೆನ್ಸ್ ಎಂಬುದು 'ಜಮೀರ್'. ಉರ್ದು ವ್ಯಾಕರಣದಲ್ಲಿ ಸರ್ವನಾಮಕ್ಕೂ ಜಮೀರ್ ಎಂದೇ ಹೆಸರಿರುವುದು ಕುತೂಹಲಕರ. ಹಿಂದಿಯಲ್ಲಿ 'ಸಂಜ್ಞಾ' ಎಂದರೆ ನಾಮಪದವೂ ಹೌದು, 'ಸಂಜ್ಞಾಹೀನ' ಎಂದಾಗ ಮೂರ್ಛೆ ಹೋದವನೂ ಹೌದು. ಈ ಪುಸ್ತಕದ ಪದಗಳು ಬೀದರ ಸೀಮೆಯ ಕನ್ನಡಕ್ಕೆ ಇಳಿಯ ಹೋಗಲಿಲ್ಲ. ಸಂತೆಯ, ಚಾವಡಿಯ, ದರ್ಗಾದ ಜಾತ್ರೆಯ ದಾರಿಯಲ್ಲಿ ಬಂದ ಖಬರ, ಹೋಶ್, ಹುಷಾರ ಎಂಬವು ಮನೆಮಾತಾದವು.

ಖಬರ ಎಂಬುದರ ಬಳಕೆಯನ್ನು ಸ್ವಲ್ಪ ನಿಂತು ನೋಡಬೇಕು. 'ಅವನಿಗಿ ಖಬರ ಮುಟ್ಟಿಸ್ರಿ' ಎಂದರೆ ಸುದ್ದಿ. 'ನನಗ ಇದರ ಖಬರೇ ಇಲ್ಲ' ಎಂದರೆ ವಿಷಯ ತನ್ನವರೆಗೆ ಬಂದಿಲ್ಲ. 'ಮೈಮ್ಯಾಲಿನ ಖಬರ ಇಲ್ಲ' ಎಂದರೆ ಮೈಮರೆವು ಅಥವಾ ಮೂರ್ಛೆ. ಸುದ್ದಿ ಮತ್ತು ಸ್ಮೃತಿ ಒಂದೇ ಪದದಲ್ಲಿ ಕೂಡಿರುವುದು ಆಕಸ್ಮಿಕವೆಂದು ತೋರಬಹುದು. ಗಡಿಯ ಆಚೆ ಈಚೆ ನೋಡಿದರೆ ಹಾಗಲ್ಲವೆಂದು ತಿಳಿಯುತ್ತದೆ. ಕನ್ನಡದ 'ಸುದ್ದಿ'ಯನ್ನು ಸಂಸ್ಕೃತದ 'ಶುದ್ಧಿ'ಯ ತದ್ಭವವೆಂದು ನಿಘಂಟುಕಾರರು ಗುರುತಿಸಿದ್ದಾರೆ. ಮರಾಠಿಯಲ್ಲಿ ಇದೇ ಬಳಗದ 'ಶುದ್ಧ' ಎಂಬುದಕ್ಕೆ ಸ್ಮೃತಿ, ಮೈಮೇಲಿನ ಎಚ್ಚರ ಎಂದರ್ಥ. ಅಲ್ಲಿ ಮೂರ್ಛೆ ಹೋದವನು 'ಬೇಶುದ್ಧ': ಫಾರಸಿಯ ಉಪಸರ್ಗ, ಸಂಸ್ಕೃತದ ಪ್ರಕೃತಿ. ಹಾಗಾದರೆ ಕನ್ನಡ ಸುದ್ದಿಯ ಅರ್ಥವನ್ನು ಎತ್ತಿಕೊಂಡಿತು, ಮರಾಠಿ ಎಚ್ಚರದ ಅರ್ಥವನ್ನು ಎತ್ತಿಕೊಂಡಿತು. ಎರಡನ್ನೂ ಆಡುವ ಔರಾದ, ಭಾಲ್ಕಿಗಳ ನಾಲಗೆಯಲ್ಲಿ ಖಬರ ಎಂಬ ಮೂರನೆಯ ಪದ ಎರಡೂ ಅರ್ಥಗಳನ್ನು ಒಟ್ಟಿಗೆ ಹೊತ್ತಿದೆ. ಹೊರಲೋಕದ ಸುದ್ದಿ ಮುಟ್ಟುವುದು ಮತ್ತು ಸ್ವಂತ ಮೈಯ ಸುದ್ದಿ ಮುಟ್ಟುವುದು ಈ ಭಾಷೆಗಳ ಪಾಲಿಗೆ ಒಂದೇ ಬಗೆಯ ಘಟನೆ.

ಕಾಗುಣಿತದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಮುಸ್ಲಿಮರ ಸ್ಮಶಾನಭೂಮಿಗೆ ಕನ್ನಡ ಪತ್ರಿಕೆಗಳು ಹಲವೊಮ್ಮೆ 'ಖಬರಸ್ತಾನ' ಎಂದು ಬರೆಯುತ್ತವೆ. ಗೋರಿ ಎಂಬರ್ಥದ ಮೂಲಪದ ಕಬ್ರ್ ಆದ್ದರಿಂದ ಕಬ್ರಸ್ತಾನ ಎಂದಿರಬೇಕೆಂದೂ, ಖಬರಸ್ತಾನವೆಂದರೆ ಸುದ್ದಿಯ ಜಾಗವಾಗುತ್ತದೆಂದೂ ಶುದ್ಧಪ್ರಯೋಗವಾದಿಗಳು ತಿದ್ದುತ್ತಾರೆ. ದಖನಿ ಉರ್ದುವಿನಲ್ಲಿ ಗಂಟಲಿನ ಆಳದ ಕಕಾರವು ಖಕಾರದಂತೆ ಉಚ್ಚಾರವಾಗುವುದು ಆ ಉಪಭಾಷೆಯ ಹೆಸರಾಂತ ಲಕ್ಷಣ. ಬೀದರಿನ ದಖನಿ ಭಾಷಿಕರ ಬಾಯಲ್ಲಿ ಗೋರಿಯೂ ಸುದ್ದಿಯೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ಆದ್ದರಿಂದ ಆ ಕಾಗುಣಿತವನ್ನು ತಪ್ಪು ಎನ್ನುವುದಕ್ಕಿಂತ ಕಿವಿಗೆ ಬಿದ್ದುದರ ನಿಷ್ಠಾವಂತ ದಾಖಲೆಯೆನ್ನುವುದು ಮೇಲು.

ಹುಷಾರ ಎಂಬುದರ ಪ್ರಯಾಣ ಇನ್ನೂ ದೊಡ್ಡದು. ಫಾರಸಿಯಲ್ಲಿ ಹೋಶ್ ಎಂದರೆ ಪ್ರಜ್ಞೆ, ಅದುಳ್ಳವನು ಹೋಶಿಯಾರ್. ನಕ್ಷ್‌ಬಂದಿ ಸೂಫಿಗಳಿಗೆ 'ಹೋಶ್ ದರ್ ದಮ್', ಅಂದರೆ ಉಸಿರುಸಿರಿನಲ್ಲೂ ಎಚ್ಚರ, ಸಾಧನೆಯ ಮೊದಲ ಸೂತ್ರಗಳಲ್ಲೊಂದು. ಅದೇ ಪದ ಬೀದರಿನಲ್ಲಿ 'ಹುಡುಗ ಭಾಳ ಹುಷಾರ ಹಾನ' ಎಂದಾಗ ಜಾಣತನ, 'ಹುಷಾರ ಹೋಗ್ರಿ' ಎಂದಾಗ ಜೋಪಾನ. ಮೈಸೂರು ಸೀಮೆಯಲ್ಲಿ 'ಹುಷಾರಿಲ್ಲ' ಎಂದರೆ ಕಾಯಿಲೆ. ಇಲ್ಲಿ ಅದಕ್ಕೆ 'ಆರಾಮ ಇಲ್ಲ' ಎನ್ನಬೇಕು. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ತಮಗೆ ಹುಷಾರಿಲ್ಲವೆಂದರೆ ಔರಾದದ ಹಿರಿಯರು ಅದನ್ನು ವಿನಯದ ಮಾತೆಂದು ತಿಳಿದಾರು.

ಇನ್ನು ಜಾಗೃತಿ. ಗೋಡೆಬರಹಗಳಲ್ಲಿ ಜಾಗೃತಿ, ಜಾಗ್ರತಿ, ಜಾಗ್ರುತಿ ಎಂಬ ಮೂರು ರೂಪಗಳು ಸಿಗುತ್ತವೆ. ಋಕಾರವನ್ನು ಕನ್ನಡಿಗರೂ ಮರಾಠಿಗರೂ 'ರು' ಎಂದೇ ಉಚ್ಚರಿಸುವುದರಿಂದ ಮೂರನೆಯ ರೂಪ ಹುಟ್ಟಿದೆ. ಎರಡನೆಯದಕ್ಕೆ 'ಜಾಗ್ರತೆ' ಎಂಬ ನೆರೆಪದದ ಪ್ರಭಾವವಿದೆ. ಸಂಸ್ಕೃತದಲ್ಲಿ ಜಾಗ್ರತ್ ಎಂಬುದು ವರ್ತಮಾನ ಕೃದಂತ, ಎಚ್ಚರವಾಗಿರುವ ಎಂಬರ್ಥದ್ದು. ಭೂತ ಕೃದಂತದ ಶಾಸ್ತ್ರೀಯ ರೂಪ ಜಾಗರಿತ. ಮಾಂಡೂಕ್ಯೋಪನಿಷತ್ತು ಎಚ್ಚರದ ಅವಸ್ಥೆಗೆ ಇದನ್ನೇ ಬಳಸುತ್ತದೆ. 'ಜಾಗೃತ' ಎಂಬುದು ಆಧುನಿಕ ಭಾಷೆಗಳು ರೂಢಿಸಿಕೊಂಡದ್ದು. ಅದೇ ಉಪನಿಷತ್ತಿನಲ್ಲಿ ಗಾಢನಿದ್ರೆಯಲ್ಲಿರುವ ಆತ್ಮಕ್ಕೆ 'ಪ್ರಾಜ್ಞ' ಎಂದು ಹೆಸರಿದೆ. ವಿಚಾರಸಂಕಿರಣಗಳಲ್ಲಿ ಸಭಿಕರನ್ನು ಪ್ರಾಜ್ಞರೇ ಎಂದು ಸಂಬೋಧಿಸುವವರು ಈ ಅರ್ಥವನ್ನು ಗಮನಿಸದಿರುವುದೇ ಕ್ಷೇಮ. ಜನಪದರಿಗೆ ಈ ಧಾತುವಿನಿಂದ ಪರಿಚಯವಿರುವ ಪದ ಜಾಗರಣೆ: ಶಿವರಾತ್ರಿಯ ನಿದ್ದೆಗೇಡಿತನ, ಖಂಡೋಬನ ಭಕ್ತರ ಜಾಗರಣ, ಗೋಂದಳಿಗರ ರಾತ್ರಿಯಿಡೀ ನಡೆಯುವ ಕಥನ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ನೆಲದಲ್ಲಿ ಈ ಪರಂಪರೆಯ ನೆನಪು ಗಟ್ಟಿಯಾಗಿದೆ. ಮರಾಠಿಯ ಪ್ರಭಾವದಿಂದ 'ಜಾಗೃತ ದೇವರು' ಎಂಬ ಮಾತೂ ಇಲ್ಲಿದೆ. ಕರೆದರೆ ಓಗೊಡುವ, ಹರಕೆಗೆ ಒಲಿಯುವ ದೇವರು ಎಂದು ಅದರರ್ಥ. ಈ ಲೋಕದಲ್ಲಿ ಮನುಷ್ಯರು ತಾವಾಗಿ ಎಚ್ಚರವಿರುತ್ತಾರೆ, ದೇವರನ್ನೂ ಎಚ್ಚರಿಸುತ್ತಾರೆ. ಅವರನ್ನು ಬೇರೊಬ್ಬರು ಬಂದು ಜಾಗೃತಗೊಳಿಸಬೇಕೆಂಬ ಕಲ್ಪನೆ ಜಾಥಾದೊಡನೆ ಬಂದುದು.

ಇಷ್ಟೂ ಪದಗಳನ್ನು ನಿಷೇಧರೂಪದಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಅಂತರ ನಿಚ್ಚಳವಾಗುತ್ತದೆ. ಖಬರಿಲ್ಲದವನಿಗೆ ಸುದ್ದಿ ಮುಟ್ಟಿಲ್ಲ, ದೋಷ ಮುಟ್ಟಿಸದವರದು. ಎಚ್ಚರವಿಲ್ಲದವನು ನಿದ್ದೆಯಲ್ಲಿದ್ದಾನೆ ಅಥವಾ ಮೈಮರೆತಿದ್ದಾನೆ. ಹುಷಾರಿಲ್ಲದವನು ಜಾಣನಲ್ಲ. ಅರಿಯದವನು ಎಂದರೆ 'ಅರಿಯದ ಕೂಸು' ಎಂಬಲ್ಲಿರುವಂತೆ ಮುಗ್ಧ, ಕ್ಷಮೆಗೆ ಅರ್ಹ. ಅರಿವುಗೇಡಿ ಎಂದರೆ ಮಾತ್ರ ಬೈಗುಳ: ತಿಳಿಯಬಹುದಾದದ್ದನ್ನು ತಿಳಿಯದೆ ಕೆಟ್ಟವನು. ಇಂಗ್ಲಿಷಿನ ಅನ್‌ಅವೇರ್ ಎಂಬ ಒಂದು ಪದ ಇವುಗಳಲ್ಲಿ ಹಲವನ್ನು ಒಂದೇ ಬುಟ್ಟಿಗೆ ಹಾಕುತ್ತದೆ, ಅದರ ಅನುವಾದವಾದ 'ಅರಿವಿಲ್ಲ' ಎಂಬುದು ಆ ಬುಟ್ಟಿಯನ್ನು ಬೈಗುಳದ ಪಕ್ಕದಲ್ಲಿಡುತ್ತದೆ.

ಸಮೀಕ್ಷೆಗಳಲ್ಲಿ ಆಗುವುದು ಇದೇ. 1998-99ರ ಎರಡನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರನ್ನು ಏಡ್ಸ್ ಎಂಬ ಕಾಯಿಲೆಯ ಬಗ್ಗೆ ಕೇಳಿದ್ದೀರಾ ಎಂದು ವಿಚಾರಿಸಲಾಯಿತು. ಪ್ರಶ್ನೆ ಇದ್ದದ್ದು ಖಬರಿನ ಬಗ್ಗೆ. 2005-06ರ ಮೂರನೆಯ ಸಮೀಕ್ಷೆ ಕೇಳಿರುವುದನ್ನೂ ಸಮಗ್ರ ತಿಳಿವಳಿಕೆಯನ್ನೂ ಬೇರೆ ಬೇರೆಯಾಗಿ ಎಣಿಸಿತು. ಆರೋಗ್ಯಶಾಸ್ತ್ರಜ್ಞರು ತಮ್ಮ ಕಾರಣಗಳಿಗಾಗಿ ಕಂಡುಕೊಂಡ ಈ ಭೇದ ಔರಾದದ ಮುದುಕಿಯ ಮಾತಿನಲ್ಲಿ ಮೊದಲಿನಿಂದಲೂ ಇದೆ. ಕನ್ನಡದ ವರದಿಗಳು ಮಾತ್ರ ಎರಡನ್ನೂ 'ಅರಿವಿನ ಪ್ರಮಾಣ' ಎಂದು ಕರೆದು ಮುಗಿಸುತ್ತವೆ. ಕೇಳಿಲ್ಲವೆಂದು ಹೇಳಿದ ಹೆಂಗಸು ಕೋಷ್ಟಕಕ್ಕೆ ಬರುವಷ್ಟರಲ್ಲಿ ಅರಿವಿಲ್ಲದವಳಾಗಿರುತ್ತಾಳೆ.

ಜಾನಪದ ಅಧ್ಯಯನವೂ ಈ ದೋಷದಿಂದ ಮುಕ್ತವಾಗಿಲ್ಲ. ಸಂಸ್ಕೃತದಲ್ಲಿ ಪ್ರಜ್ಞಾ ಎಂದರೆ ವಿವೇಕ, ಬೌದ್ಧರ ಶೀಲ, ಸಮಾಧಿ, ಪ್ರಜ್ಞೆಗಳಲ್ಲಿ ಕೊನೆಯ ಮೆಟ್ಟಿಲು. ಕನ್ನಡದಲ್ಲಿ ಅದು 'ಪ್ರಜ್ಞೆ ತಪ್ಪಿತು' ಎಂಬಲ್ಲಿ ಬರಿಯ ಸ್ಮೃತಿಯಾಯಿತು, 'ಸಮಯಪ್ರಜ್ಞೆ' ಎಂಬಲ್ಲಿ ತತ್ಕಾಲದ ಬುದ್ಧಿಯಾಯಿತು, 'ಪ್ರಜ್ಞಾವಂತ ನಾಗರಿಕ' ಎಂಬಲ್ಲಿ ಓದಿದವನಾಯಿತು. ನವ್ಯ ವಿಮರ್ಶೆ ಅದಕ್ಕೆ ಕಾನ್ಷಿಯಸ್‌ನೆಸ್ ಎಂಬರ್ಥವನ್ನು ಖಚಿತಗೊಳಿಸಿತು. ಯು. ಆರ್. ಅನಂತಮೂರ್ತಿಯವರ 'ಪ್ರಜ್ಞೆ ಮತ್ತು ಪರಿಸರ' ಎಂಬ ಶೀರ್ಷಿಕೆಯೇ ಒಂದು ತಲೆಮಾರಿನ ವಿಮರ್ಶೆಗೆ ಪರಿಭಾಷೆಯನ್ನು ಕೊಟ್ಟಿತು. ಅಲ್ಲಿ ಪದಕ್ಕೆ ಕೆಲಸವಿತ್ತು. ಬಳಿಕ ಬಂದ ಪ್ರಬಂಧಗಳಲ್ಲಿ ಸ್ತ್ರೀಪ್ರಜ್ಞೆ, ವರ್ಗಪ್ರಜ್ಞೆ, ಪರಿಸರಪ್ರಜ್ಞೆ, ಜಾನಪದಪ್ರಜ್ಞೆ ಎಂಬ ಸಮಾಸಗಳು ಸರಾಗವಾಗಿ ಹುಟ್ಟಿದವು. ವರ್ಗಪ್ರಜ್ಞೆಯೆಂಬುದು ಮಾರ್ಕ್ಸ್‌ವಾದಿ ಚಿಂತನೆಯ ನಿರ್ದಿಷ್ಟ ಪರಿಕಲ್ಪನೆ, ಪರಿಸರಪ್ರಜ್ಞೆಯೆಂಬುದು ಅವೇರ್‌ನೆಸ್ಸಿನ ಅನುವಾದ, ಜಾನಪದಪ್ರಜ್ಞೆ ಎಂಬುದು ಯಾವುದರ ಅನುವಾದವೂ ಅಲ್ಲ, ಸ್ವಂತದ್ದೂ ಅಲ್ಲ. ಬೀಸುವ ಪದದಲ್ಲಿ ಮರದ ಹೆಸರು ಬಂದೊಡನೆ ಪರಿಸರಪ್ರಜ್ಞೆ ಇದೆಯೆಂದು ತೀರ್ಮಾನಿಸುವ ಪ್ರಬಂಧವೇ, ಹಾಡಿದ ಹೆಂಗಸಿನ ಮಾಹಿತಿಪತ್ರದಲ್ಲಿ 'ಶೈಕ್ಷಣಿಕ ಅರಿವು: ಇಲ್ಲ' ಎಂದು ಬರೆಯುವ ವಿರೋಧಾಭಾಸವನ್ನು ಬೇರೆ ಹೇಗೂ ವಿವರಿಸಲಾಗದು.

ಆ ಹೆಂಗಸಿಗೆ ಮಿರಗದ ಮಳೆ ಬಿದ್ದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹೆಸರು, ಉದ್ದು ಬಿತ್ತುವ ಹದ ಬಂದಿದೆಯೇ ಇಲ್ಲವೇ ಎಂದು ಹೇಳುವುದು ಗೊತ್ತು. ಅವಳ ಮನೆಯವನಿಗೆ ದೇವಣಿ ಹೋರಿಯ ಕಿವಿ, ಹಣೆ, ನಡಿಗೆಗಳನ್ನು ನೋಡಿ ತಳಿಯ ಶುದ್ಧತೆ ಗುರುತಿಸುವುದು ಗೊತ್ತು. ಇವಕ್ಕೆ ಅವರು ಅರಿವು ಎಂಬ ಪದ ಬಳಸುವುದಿಲ್ಲ, 'ಬಲ್ಲೆ' ಎಂದೂ ಎಲ್ಲರೆದುರು ಹೇಳಿಕೊಳ್ಳುವುದಿಲ್ಲ. 'ಗೊತ್ತದ' ಎನ್ನುತ್ತಾರೆ. ಗೊತ್ತು ಎಂದರೆ ನಿಶ್ಚಿತವಾದದ್ದು, ನೆಲೆಗೊಂಡದ್ದು. ಗೊತ್ತುಪಡಿಸು, ಗೊತ್ತುವಳಿ ಎಂಬಲ್ಲಿ ಆ ಅರ್ಥ ಇನ್ನೂ ಇದೆ. ಬೆಳೆವಿಮೆಯ ಕೊನೆಯ ದಿನಾಂಕದ ಬಗ್ಗೆ ಕೇಳಿದರೆ ಅದೇ ದಂಪತಿ 'ಖಬರಿಲ್ಲರಿ' ಎಂದಾರು. ಎರಡು ಉತ್ತರಗಳಿಗೆ ಎರಡು ಕ್ರಮದ ಪದಗಳನ್ನು ಅವರು ಆರಿಸಿಕೊಂಡಿರುತ್ತಾರೆ. ಪ್ರಶ್ನಾವಳಿಯಲ್ಲಿ 'ಅರಿವು ಇದೆ / ಇಲ್ಲ' ಎಂಬ ಎರಡು ಚೌಕಗಳಷ್ಟೇ ಇರುವಾಗ ಮೊದಲನೆಯ ಉತ್ತರಕ್ಕೆ ಜಾಗವಿರುವುದಿಲ್ಲ, ಎರಡನೆಯದು ತಪ್ಪು ಚೌಕಕ್ಕೆ ಬೀಳುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಆ ಚೌಕಗಳ ಜಾಗದಲ್ಲಿ ಒಂದು ಖಾಲಿ ಗೆರೆ ಬಿಟ್ಟು, ಎದುರಿಗಿರುವವರು ಆಡಿದ ಪದ ಖಬರವೋ ಗೊತ್ತೋ ಎಚ್ಚರವೋ ಎಂಬುದನ್ನು ಅವರು ಆಡಿದ ಉಚ್ಚಾರದಲ್ಲಿಯೇ ಬರೆದುಕೊಂಡರೆ, ಪದಗಳ ಲೆಕ್ಕವನ್ನು ಆಮೇಲೆ ಮಾಡಬಹುದು.